ಅನುಮತಿಯಿಲ್ಲದೆ ಬಂದ ಮರ

ಮನುಷ್ಯನ ಬುದ್ಧಿಗೆ ನಿಲುಕದ ಸಂಗತಿಗಳು ಈ ಪ್ರಪಂಚದಲ್ಲಿ ಹೇರಳವಾಗಿವೆ. ಅವು ಬುದ್ಧಿಯನ್ನು ಬಳಸದವರಿಗೆ ಮಾತ್ರ ಎದುರಾಗುತ್ತವೆ ಎಂದು ನಾನು ನಿವೃತ್ತನಾಗುವವರೆಗೂ ನಂಬಿದ್ದೆ. ದೆವ್ವ, ಮುನ್ಸೂಚನೆ, ಮೈಮೇಲೆ ಬರುವುದು ಇವೆಲ್ಲವನ್ನೂ ಒಂದೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ‘ಸಡಿಲ ಚಿತ್ರಕಲೆ’ ಎಂಬುದೂ ಅದೇ ಕಪಾಟಿನಲ್ಲಿತ್ತು.

ನನ್ನ ಕಸುಬೇ ಹಾಗಿತ್ತು. ಫೋಂಡಾದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಸ್ಕೇಲ್ ಇಲ್ಲದೆ ನಾನು ಎಳೆದ ಗೆರೆಯೆಂದರೆ ನನ್ನ ಸಹಿಯೊಂದೇ. ಅದೂ ಸಾಕಷ್ಟು ನೆಟ್ಟಗೇ ಇರುತ್ತಿತ್ತು. ನಿವೃತ್ತಿಯಾದ ಮೇಲೆ ಸಾಂಕೋಲೆಯ ಒಂದು ಹೊಸ ಕಟ್ಟಡಕ್ಕೆ ಬಂದೆವು. ಮಗಳು ವೀಣಾಳಿಗೆ ದಾಬೋಲಿಮ್‌ನಲ್ಲಿ ಕೆಲಸ, ಹತ್ತಿರವಾಗಲಿ ಎಂದು. ಮನೆಯ ಬಾಗಿಲ ಚೌಕಟ್ಟುಗಳು ಎಷ್ಟು ಸೊಟ್ಟಗಿವೆ ಎಂದು ದಿನವಿಡೀ ಅಳೆಯುತ್ತಿದ್ದ ನನ್ನನ್ನು ನೋಡಲಾರದೆ ಅವಳೊಂದು ಜಲವರ್ಣದ ಪೆಟ್ಟಿಗೆ ತಂದುಕೊಟ್ಟಳು. ಜೊತೆಗೆ ನಿಯಮಗಳನ್ನೂ ಕೊಟ್ಟಳು. ಕಾಗದವನ್ನು ಮೊದಲೇ ತೋಯಿಸಬೇಕು. ಕುಂಚವನ್ನು ಬಾಲದ ತುದಿಯಲ್ಲಿ ಹಿಡಿಯಬೇಕು, ಅದೂ ಎಡಗೈಯಲ್ಲಿ. ಕಣ್ಣು ಎದುರಿನ ನೋಟದ ಮೇಲಿರಬೇಕು, ಕಾಗದದ ಕಡೆ ಹೋಗಕೂಡದು. ಬಣ್ಣ ಹರಿದರೆ ಹರಿಯಲು ಬಿಡಬೇಕು.

“ಕಾರ್ಖಾನಿಯೊಳಗ ಹಿಂಗ ಮಾಡಿದ್ರ ನನ್ನ ಅವತ್ತ ಮನಿಗೆ ಕಳಸ್ತಿದ್ರು,” ಎಂದೆ.

“ಈಗ ಮನ್ಯಾಗ ಅದೀರಲ್ಲರಿ ಅಪ್ಪಾ, ಇನ್ನೆಲ್ಲಿಗೆ ಕಳಸ್ತಾರ? ಸ್ಕೇಲ್ ಕೆಳಗಿಡ್ರಿ.”

ಇಟ್ಟೆ. ಮೊದಮೊದಲು ನನ್ನ ತೆಂಗಿನ ಮರಗಳು ಅಂಗಳ ಗುಡಿಸಿ ಬಂದ ಪೊರಕೆಗಳಂತಿದ್ದವು. ಜುವಾರಿ ನದಿ ಆಕಾಶಕ್ಕೆ ಹತ್ತಿತ್ತು. ಒಂದು ಚರ್ಚು ಕರಗಿ ಅರ್ಧ ರಸ್ತೆಗೆ ಹರಿದುಹೋಗಿತ್ತು. ನನ್ನ ಹೆಂಡತಿ ಅದನ್ನು ನೋಡಿ, “ಮಳ್ಯಾಗ ಬಿಟ್ಟು ಬಂದಿದ್ರೇನು?” ಎಂದು ಕೇಳಿದಳು. ವೀಣಾ ಮಾತ್ರ ಎಲ್ಲಕ್ಕೂ “ಭಾಳ ಚಲೋ ಆಗೇತ್ರಿ” ಎನ್ನುತ್ತಿದ್ದಳು. ಮಕ್ಕಳಿಗೆ ಒಳ್ಳೆಯ ಗುಣ ಕಲಿಸಿದ್ದರ ಫಲವನ್ನು ನಾವು ಹೀಗೆ ಉಣ್ಣಬೇಕಾಗುತ್ತದೆ.

ಇನ್ನು ರೇಣವ್ವನ ಮಾತು. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ರೇಣವ್ವ ಮತ್ತು ಗೌಂಡಿ ಕೆಲಸದ ಅವಳ ಗಂಡ ಹನುಮಪ್ಪ ಬಾದಾಮಿ ಕಡೆಯವರು. ಈ ಕಟ್ಟಡ ಕಟ್ಟಿದವರಲ್ಲಿ ಅವರೂ ಇದ್ದರು. ಆಗ ಕಟ್ಟಡದ ಹಿಂದಿನ ಜಾಗದಲ್ಲೇ ತಗಡಿನ ಗುಡಿಸಲು ಹಾಕಿಕೊಂಡು, ಊರಿನಿಂದ ತಂದ ದುರಗವ್ವನ ಕಲ್ಲನ್ನು ಒಂದು ಕಾಜೂ ಗಿಡದ ಬುಡದಲ್ಲಿ ಕೂರಿಸಿದ್ದರು. ಕೆಲಸ ಮುಗಿದಾಗ ಬೇರೆ ಕಡೆ ಹೊರಡಬೇಕಾಯಿತು. ಲಾರಿಯಲ್ಲಿ ಎಲ್ಲರ ಚಪ್ಪಲಿಗಳ ನಡುವೆ ದೇವಿಯನ್ನು ಒಯ್ಯುವುದು ಹೇಗೆ? ಅದಕ್ಕೆ ಅವರಲ್ಲೊಂದು ಪದ್ಧತಿ ಇದೆ. ಅವ್ವನನ್ನು ನೆಲದೊಳಗೆ ಮಲಗಿಸಿ, ಬಂದು ಎಬ್ಬಿಸುತ್ತೇವೆ ಎಂದು ಹೇಳಿ ಹೋಗುವುದು. ಹಾಗೇ ಮಾಡಿ ಹೋದರು. ತಿರುಗಿ ಬಂದಾಗ ಮರವೇ ಇರಲಿಲ್ಲ. ಯಾವುದೋ ಜೆಸಿಬಿ ಬಂದು, ಕೆಂಪು ಮಣ್ಣು ಎಳೆದು ಎಲ್ಲವನ್ನೂ ಸಮ ಮಾಡಿತ್ತು.

“ಗ್ವಾಡಿಂದ ಎಷ್ಟ ದೂರ ಅಂತಾದ್ರೂ ಗುರ್ತ ಇಟ್ಕೋಬೇಕಿತ್ತಲ್ಲೋ ಹನುಮಪ್ಪಾ,” ಎಂದು ನಾನೊಮ್ಮೆ ಕೇಳಿದ್ದೆ.

“ಗ್ವಾಡಿ ನಂಬೂದು ಹ್ಯಾಂಗ್ರಿ ಸಾಹೇಬ್ರ? ಇವತ್ತ ನಾವ ಕಟ್ತೇವಿ, ನಾಳೆ ನಾವ ಒಡೀತೇವಿ. ಗಿಡಾ ಎಲ್ಲಿ ಹೋಗ್ತೈತಿ ಅನ್ಕೊಂಡ್ವಿ.”

ಗೌಂಡಿಯಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು.

ಅಷ್ಟರಲ್ಲಿ ಅವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಮೊದಲ ಅರಿಶಿನ ದುರಗವ್ವನಿಗೆ, ಆಮೇಲೆ ಹುಡುಗಿಗೆ. ಅವ್ವ ಮಣ್ಣಲ್ಲಿ ಮಲಗಿರುವಾಗ ಹುಡುಗಿಗೆ ಅರಿಶಿನ ಮುಟ್ಟಿಸುವುದಿಲ್ಲ ಎಂದು ರೇಣವ್ವ ಹಟ ಹಿಡಿದಳು. ಕಾದು ಬೇಸತ್ತ ಗಂಡಿನ ಕಡೆಯವರು ಬೇರೆ ಹುಡುಗಿ ನೋಡುವ ಮಾತಾಡತೊಡಗಿದರು. ಗಂಡ ಹೆಂಡತಿ ಅಲ್ಲಿ ಇಲ್ಲಿ ಅಗೆದು ಸೋತಿದ್ದರು. ಸಾಲದ್ದಕ್ಕೆ ನಮ್ಮ ಕಟ್ಟಡದ ಸೊಸೈಟಿಯವರು ಆ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸಲು ತೀರ್ಮಾನಿಸಿದ್ದರು. ಸೋಮವಾರ ಕಾಂಕ್ರೀಟ್ ಬರುವುದಿತ್ತು.

ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಇದು ಕೆಲವು ವರ್ಷಗಳ ಹಿಂದಿನ ಮಾತು, ಆದರೆ ಕುರ್ಚಿ ಎಲ್ಲಿತ್ತು ಎಂಬುದೂ ನೆನಪಿದೆ. ಎದುರಿಗೆ ನೀರಿನ ಟ್ಯಾಂಕು, ಆಚೆ ಕಂಪೌಂಡು, ಅದರಾಚೆ ಇಳಿಜಾರು, ದೂರದಲ್ಲಿ ಜುವಾರಿಯ ಹೊಳಪು. ನಡುವೆ ಬೋಳು ಕೆಂಪು ನೆಲ. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ರೇಣವ್ವನ ಯೋಚನೆ ನನ್ನ ತಲೆಯಲ್ಲಿರಲಿಲ್ಲ. ಟ್ಯಾಂಕನ್ನು ಕರಗದಂತೆ ನಿಲ್ಲಿಸುವುದು ಹೇಗೆ ಎಂಬ ಯೋಚನೆಯಿತ್ತು. ಕಾಗದ ತೋಯಿಸಿ, ಕಣ್ಣು ಎದುರಿಗಿಟ್ಟು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಎಡಗೈ ನನ್ನನ್ನು ಕೇಳದೆ ತಾನೇ ನಡೆಯತೊಡಗಿತು. ಅದನ್ನು ನಾನು ಪ್ರಗತಿ ಎಂದು ಭಾವಿಸಿದೆ.

ಕೆಳಗೆ ನೋಡಿದರೆ ಕಾಗದದ ಮೇಲೆ ಒಂದು ಮರವಿತ್ತು.

ಟ್ಯಾಂಕು ಎಂದಿನಂತೆ ಕರಗಿತ್ತು, ಕಂಪೌಂಡು ಹಾವಿನಂತಾಗಿತ್ತು. ಮರ ಮಾತ್ರ ಗಟ್ಟಿಯಾಗಿ ನಿಂತಿತ್ತು. ಬುಡದಲ್ಲೇ ಎರಡಾಗಿ ಕವಲೊಡೆದು, ಒಂದು ಕವಲು ನೆಲ ಮುಟ್ಟುವಷ್ಟು ಬಾಗಿತ್ತು. ಇನ್ನೊಂದು ಕಡಿದು ಹಾಕಿದಂತೆ ಮೋಟಾಗಿತ್ತು. ಟ್ಯಾಂಕಿನ ನೆರಳಿನ ತುದಿ ಸರಿಯಾಗಿ ಅದರ ಬುಡಕ್ಕೆ ಮುಟ್ಟಿತ್ತು. ನಕ್ಷೆಯಲ್ಲಿ ಅನುಮತಿಯಿಲ್ಲದ ಕಟ್ಟಡ ಕಂಡಾಗ ಬರುವ ಸಿಟ್ಟೇ ಬಂತು. ಒದ್ದೆ ಬಟ್ಟೆಯಿಂದ ಒರೆಸಿದೆ. ಆಕಾಶ ಸ್ವಲ್ಪ ಹೋಯಿತು, ಮರ ಹೋಗಲಿಲ್ಲ.

ಕೊನೆಯ ಬಾರಿ ನೆಲ ನೋಡಲು ಬಂದಿದ್ದ ರೇಣವ್ವ ಹಿಂದೆ ನಿಂತದ್ದು ನನಗೆ ಗೊತ್ತಾಗಲಿಲ್ಲ.

“ಸಾಹೇಬ್ರ, ಈ ಗಿಡಾ ನೀವೆಲ್ಲಿ ನೋಡಿದ್ರಿ?”

“ಎಲ್ಲೂ ನೋಡಿಲ್ಲ ಬಿಡವಾ. ತಾನ ಬಂದೈತಿ.”

ಅವಳು ಮೋಟು ಕವಲಿನ ಮೇಲೆ ಬೆರಳಿಟ್ಟಳು. ಹಸಿ ಬಣ್ಣ ಬೆರಳಿಗೆ ಹತ್ತಿತು. “ಈ ಟೊಂಗಿ ನಮ್ಮ ಮನಿಯವ್ರ ಕಡದಿದ್ರು. ತಗಡ ಹೊಚ್ಚಾಕ ಅಡ್ಡ ಬರತೈತಿ ಅಂತ. ಅವ್ವನ ಗಿಡಕ್ಕ ಯಾಕ ಕೊಡ್ಲಿ ಹಾಕ್ತೀರಿ ಅಂತ ನಾ ಬೈದಿದ್ನಿ.” ಆಮೇಲೆ ಅವಳು ಗಂಡನನ್ನು ಕೂಗಿದ ರಭಸಕ್ಕೆ ಮೇಲಿನ ಮಹಡಿಗಳ ಕಿಟಕಿಗಳೆಲ್ಲ ತೆರೆದವು.

ಹನುಮಪ್ಪ ಗುದ್ದಲಿ ಹಿಡಿದು ಓಡಿಬಂದ. ಈಗ ಸಮಸ್ಯೆ ನನ್ನದಾಯಿತು. ಸಡಿಲ ಚಿತ್ರದಿಂದ ಅಳತೆ ತೆಗೆಯಬೇಕಾದ ದುರ್ಗತಿ ನನ್ನ ಕಸುಬಿನವರಲ್ಲಿ ಬೇರಾರಿಗೂ ಬಂದಿರಲಾರದು. ನಾನು ಕುರ್ಚಿಯಿಂದ ಏಳಲಿಲ್ಲ. ಚಿತ್ರವನ್ನು ತೋಳಿನುದ್ದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿದೆ.

“ಟ್ಯಾಂಕಿನ ನೆರಳಿನ ತುದಿಗೆ ನಿಲ್ಲು. ಎಡಕ್ಕ ಹೋಗು. ಇನ್ನಷ್ಟ. ಹಿಂದ ಸರಿ.”

“ನೆರಳ ಸರ್ಯಾಕತ್ತೈತ್ರಿ ಸಾಹೇಬ್ರ.”

“ಅದಕ್ಕ ಮಾತಾಡಬ್ಯಾಡ. ಅಲ್ಲೇ ನಿಲ್ಲು. ಹಾಕು ಗುದ್ದಲಿ.”

“ಅಪ್ಪಾ, ಕೈ ಸಡ್ಲ ಬಿಡ್ರಿ!” ಎಂದು ವೀಣಾ ಬಾಲ್ಕನಿಯಿಂದ ಕೂಗಿದಳು. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಂಪು ಮಣ್ಣು ಮುಗಿದು ಹಳೆಯ ನೆಲ ಬಂತು. ಅದರಲ್ಲಿ ಒಂದು ಸತ್ತ ಬೇರು ಕಂಡಿತು. ಹನುಮಪ್ಪ ಗುದ್ದಲಿ ಬಿಸಾಡಿ ಎರಡೂ ಕೈಯಿಂದ ಕೆದರಿದ. ಸಿಮೆಂಟಿನ ಚೀಲವೊಂದು ಸಿಕ್ಕಿತು. ಚೀಲದೊಳಗೆ ಹಸಿರು ಖಣದ ಬಟ್ಟೆ, ಬಟ್ಟೆಯೊಳಗೆ ಕಲ್ಲು. ರೇಣವ್ವ ಅಳುತ್ತಾಳೆಂದು ನಾನು ಬೇರೆ ಕಡೆ ನೋಡಿದೆ. ಅವಳು ಅಳಲಿಲ್ಲ. ಸೆರಗಿನಿಂದ ಮಣ್ಣು ಒರೆಸುತ್ತ, “ಭಾಳ ಮಲಗಿದಿ ಬಿಡವಾ ತಾಯಿ. ಏಳಿನ್ನ, ಹುಡುಗಿ ಲಗ್ನ ಐತಿ,” ಎಂದಳು.

ಓದುಗರೇ, ನೀವೀಗ ಏನು ಹೇಳುತ್ತೀರೆಂದು ಬಲ್ಲೆ. ವೀಣಾ ಅದನ್ನೆಲ್ಲ ಆಗಲೇ ಹೇಳಿದ್ದಾಳೆ. ಎಂದೋ ಬಸ್ಸಿನಿಂದ ಆ ಮರ ನೋಡಿರಬೇಕು, ಮನಸ್ಸಿನ ಮೂಲೆಯಲ್ಲಿ ಉಳಿದಿರಬೇಕು. ಆದರೆ ಆ ಜಾಗ ರಸ್ತೆಗೆ ಕಾಣುವುದಿಲ್ಲ. ಮರ ಇದ್ದ ಕಾಲದಲ್ಲಿ ನಾನು ಅಲ್ಲಿಗೆ ಕಾಲಿಟ್ಟವನಲ್ಲ. ರೇಣವ್ವನಿಂದ ಕೇಳಿರಬೇಕು ಎಂದರೆ, ಅವಳು ಕಾಜೂ ಗಿಡ ಎಂದಿದ್ದಳೇ ಹೊರತು ಮೋಟು ಕವಲಿನ ಮಾತೆತ್ತಿರಲಿಲ್ಲ. ಆಕಸ್ಮಿಕ ಎನ್ನೋಣವೇ? ಎನ್ನಬಹುದು. ಆದರೆ ಆ ಆಕಸ್ಮಿಕದ ಅಳತೆ ನನ್ನ ಎಷ್ಟೋ ನಕ್ಷೆಗಳಿಗಿಂತ ಕರಾರುವಾಕ್ಕಾಗಿತ್ತು. ಆಮೇಲೆ ಅದೇ ಕುರ್ಚಿ, ಅದೇ ಎಡಗೈ, ಅದೇ ಹೊತ್ತು ಇಟ್ಟುಕೊಂಡು ಬಹಳ ಸಲ ಕೂತಿದ್ದೇನೆ. ಪೊರಕೆಗಳು ಬಂದಿವೆ. ಮರ ಬಂದಿಲ್ಲ.

ಕಪಾಟಿನ ಬೀಗ ಇಂದಿಗೂ ಹಾಗೇ ಇದೆ. ಇದೊಂದು ಸಂಗತಿ ಮಾತ್ರ ಹೊರಗುಳಿದಿದೆ, ಎಲ್ಲಿಡಬೇಕೋ ತಿಳಿದಿಲ್ಲ.

ಸೋಮವಾರ ಕಾಂಕ್ರೀಟ್ ಬಿತ್ತು. ಆ ತಿಂಗಳ ಕೊನೆಗೆ ಮದುವೆಯಾಯಿತು. ಮೊದಲ ಅರಿಶಿನ ದುರಗವ್ವನಿಗೆ ಹಚ್ಚಿದರು.