ಹೊಗೆಗೆ ಒಣಗಿಸಿದ ಕೊಡತಿ

ಹಾಳೆಯಲ್ಲಿ ಬರೆದು ಫೋಟೊ ಹಾಕಿದ್ದೇನೆ. ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕ್ಷಮಿಸಿ.

ಬಡಗಿ ಕೆಲಸಕ್ಕೆಂದು ನಿನ್ನೆ ಅಣ್ಣ ಮರದ ಹೊಸ ಕೊಡತಿ ತಂದ. ಅದರಿಂದ ಹೊಗೆಯ ವಾಸನೆ ಬಂತು.

ಅಪ್ಪನೂ ಬಡಗಿ. ಉಳಿಗೆ ಹೊಡೆದು ಬಾಗಿಲ ಚೌಕಟ್ಟಿಗೆ ತೂತು ಕೊರೆಯಲು, ವರ್ಷವಿಡೀ ನೆರಳಲ್ಲಿ ಒಣಗಿದ ಹುಣಸೆ ಕೊಡತಿಯೇ ಬೇಕು ಎನ್ನುತ್ತಿದ್ದ. ಒಮ್ಮೆ ಮಾತ್ರ ಕೆಲಸದ ಅವಸರಕ್ಕೆ, ಹಸಿ ಕೊಡತಿಯನ್ನು ಕೊಬ್ಬರಿ ಒಣಗಲು ಹೊಗೆ ಹಾಕುವ ಅಟ್ಟದ ಕೆಳಗೆ ಇಟ್ಟು ಒಣಗಿಸಿದ.

ಅಜ್ಜಿ ಅದನ್ನು ತಟ್ಟಿ ನೋಡಿದಳು. "ಒಡೆದ ಮಡಕೆ ಸದ್ದು ಬತ್ತೈತೆ ಕಣ್ಲಾ. ಒಳಗೆ ಸೀಳೈತೆ, ಬುಡು."

"ನೀನ್ಯಾವಾಗ ಬಡಗಿಯಾದ್ಯವ್ವಾ?" ಎಂದು ಅಪ್ಪ ನಕ್ಕ.

ಮೂರನೇ ತೂತು ಕೊರೆಯುವಾಗ ಕೊಡತಿ ಸಿಡಿಯಿತು. ಚೂರು ಬಡಿದ ಅಪ್ಪನ ಬಲಗಣ್ಣು ಮತ್ತೆ ಕಾಣಲಿಲ್ಲ.

ನಿನ್ನೆ ಅಣ್ಣನ ಕೊಡತಿಯನ್ನೂ ನಾನು ತಟ್ಟಿ ನೋಡಿದೆ. ಅದೇ ಸದ್ದು.

"ಹೊಸಾದು ಕಣೇ, ನಾಳೆ ಕೆಲ್ಸಕ್ಕೆ ಬೇಕು, ಇಡು" ಎಂದ ಅಣ್ಣ.

ಇವತ್ತು ಬೆಳಿಗ್ಗೆ ಅವನು ಏಳುವ ಮೊದಲೇ ಅದನ್ನು ಹಂಡೆ ಒಲೆಗೆ ಹಾಕಿದೆ.