ಪಂಕಜಾ ಮೇಡಂ ಬಾಯಿ ಮುಚ್ಚಿಕೊಂಡ ಭಾನುವಾರ

ನಮ್ಮ ವಿದ್ಯಾರಣ್ಯಪುರದಲ್ಲಿ ಯಾರ ಮನೆಯ ಮಕ್ಕಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದರೂ ಮೊದಲು ದೇವಸ್ಥಾನಕ್ಕೆ ಹೋಗುತ್ತಾರೆ, ಅಲ್ಲಿಂದ ನೇರವಾಗಿ ಪಂಕಜಾ ಮೇಡಂ ಮನೆಗೆ ಬರುತ್ತಾರೆ. ಮೇಡಂ ಇಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಸಿಸ್ಟೆಂಟ್. ಕಡಿಮೆ ದುಡ್ಡಿನಲ್ಲಿ ನಾಲ್ಕು ವರ್ಷ ಬಾಳುವ ಲ್ಯಾಪ್‌ಟಾಪ್ ಆರಿಸುವುದರಲ್ಲಿ ಮೈಸೂರಿನಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಅವರೂ ನಂಬಿದ್ದಾರೆ.

ನಾನು ಕುಮಾರ್, ಅವರ ಪಕ್ಕದ ಮನೆಯವನು. ಮನೆಯ ಕೆಳಗೇ ನನ್ನ ಜೆರಾಕ್ಸ್ ಅಂಗಡಿ. ನನ್ನ ಮಗಳು ಬಿಂದುಶ್ರೀಗೂ ಲ್ಯಾಪ್‌ಟಾಪ್ ಆರಿಸಿಕೊಟ್ಟವರು ಮೇಡಂ. ಕೀಬೋರ್ಡಿನಲ್ಲಿ ಬಣ್ಣಬಣ್ಣದ ದೀಪ ಹತ್ತುವಂಥದ್ದು ಬೇಕು ಎಂದು ಅವಳು ಆಸೆಪಟ್ಟಾಗ, "ದೀಪ ನೋಡೋಕೆ ದಸರಾದಲ್ಲಿ ಸರ್ಕಲ್‌ಗೆ ಹೋಗಮ್ಮ. ಇದು ಓದೋಕೆ," ಎಂದುಬಿಟ್ಟರು. ನಮ್ಮ ತಾತ ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಿದ್ದ ಹಾಗೆ ಮೇಡಂ ಲ್ಯಾಪ್‌ಟಾಪಿನ ಮುಚ್ಚಳದ ಕೀಲು ನೋಡುತ್ತಾರೆ, ಚಾರ್ಜರ್ ಕೈಯಲ್ಲಿ ಹಿಡಿದು ತೂಗುತ್ತಾರೆ. ಸೇಲ್ಸಿನವರು ಎದುರು ಮಾತಾಡಿದರೆ ಒಂದೇ ಉತ್ತರ: "ನೀವು ಇದನ್ನ ಮೊದಲನೇ ದಿನ ನೋಡಿರ್ತೀರಿ. ನಾನು ನಾಲ್ಕನೇ ವರ್ಷದಲ್ಲಿ ನೋಡಿದ್ದೀನಿ."

ಇಂಥವರ ಮಗ ಅಭಿರಾಮನಿಗೆ ಈ ವರ್ಷ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಮೇಡಂ ಆಗಲೇ ಮೂರು ಮಾಡೆಲ್ ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದರು. ಹುಡುಗ ಊಟದ ಹೊತ್ತಿಗೆ ಮೆಲ್ಲಗೆ ಹೇಳಿದನಂತೆ: "ಅಮ್ಮ, ಸ್ಕೂಲು ನೀನೇ ಆರಿಸ್ದೆ, ಟ್ಯೂಷನ್ನು ನೀನೇ ಆರಿಸ್ದೆ, ಬ್ರಾಂಚೂ ಹೆಚ್ಚುಕಮ್ಮಿ ನಿಂದೇ. ಇದೊಂದು ನಾನು ಆರಿಸ್ತೀನಿ. ನೀನೂ ಬಾ, ಆದ್ರೆ ಮಾತಾಡ್ಬೇಡ."

ಮಾರನೆಯ ದಿನ ಬೆಳಿಗ್ಗೆ ಮೇಡಂ ನನ್ನ ಅಂಗಡಿಗೆ ಬಂದರು. ಮುಖ ಬಾಡಿತ್ತು.

"ಕುಮಾರ್, ಭಾನುವಾರ ನಮ್ಮ ಜೊತೆ ಬನ್ನಿ. ನಾನೇನಾದ್ರೂ ಬಾಯಿ ತೆಗೆದ್ರೆ ಹೊರಗೆ ಕರ್ಕೊಂಡ್ ಬಂದ್ಬಿಡಿ."

"ನಾನ್ಯಾಕ್ ಮೇಡಂ? ಯಜಮಾನ್ರು ಬರಲ್ವಾ?"

"ಬರ್ತಾರೆ. ನನ್ನ ಬಾಯಿ ಮುಚ್ಚಿಸೋಕೆ ಅವರು ಇಪ್ಪತ್ತು ವರ್ಷದಿಂದ ನೋಡ್ತಿದ್ದಾರೆ, ಆಗಿಲ್ಲ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ನಮ್ಮ ಹತ್ರ ಇರೋದು ಐವತ್ತು ಸಾವಿರ ಕಣ್ರೀ. ಇವನು ತಪ್ಪು ಆರಿಸಿದ್ರೆ ನಾಲ್ಕು ವರ್ಷ ಅದ್ರಲ್ಲೇ ಒದ್ದಾಡ್ಬೇಕು, ಇನ್ನೊಂದು ಕೊಡ್ಸೋ ಶಕ್ತಿ ನಮಗಿಲ್ಲ. ನಾನು ಮಧ್ಯೆ ಬಾಯಿ ಹಾಕಿದ್ರೆ ಇನ್ಮೇಲೆ ಅವನು ನನ್ನನ್ನ ಏನೂ ಕೇಳಲ್ಲ," ಎಂದರು. ಊರಿನ ಮಕ್ಕಳ ವಿಷಯದಲ್ಲಿ ಅಷ್ಟು ಗಟ್ಟಿ ಇದ್ದ ಹೆಂಗಸು ಸ್ವಂತ ಮಗನ ವಿಷಯದಲ್ಲಿ ಇಷ್ಟು ಹೆದರಿದ್ದು ಕಂಡು ನನಗೂ ಪಾಪ ಅನ್ನಿಸಿತು.

ಭಾನುವಾರ ದೇವರಾಜ ಅರಸು ರಸ್ತೆಯ ಅಂಗಡಿಗೆ ನಾಲ್ಕೂ ಜನ ಹೋದೆವು. ಅಲ್ಲಿಯ ಸೇಲ್ಸ್‌ಮನ್ ಸ್ವರೂಪನಿಗೆ ಮೇಡಂ ಹಳೆಯ ಪರಿಚಯ. "ಬನ್ನಿ ಮೇಡಂ, ಇವತ್ತು ಯಾರಿಗೆ?" ಎಂದ. ಮೇಡಂ ಮಗನ ಕಡೆ ಬೆರಳು ತೋರಿಸಿ ಸುಮ್ಮನೆ ಕುರ್ಚಿಯಲ್ಲಿ ಕುಳಿತರು. ಐದು ನಿಮಿಷ ಕಾದು ನೋಡಿದ ಸ್ವರೂಪ್ ನನ್ನ ಹತ್ತಿರ ಬಂದು, "ಮೇಡಮ್ಮಿಗೆ ಹುಷಾರಿಲ್ವಾ ಸಾರ್?" ಎಂದು ಕೇಳಿದ.

ಅಭಿರಾಮ ಮೊದಲು ಕೇಳಿದ್ದು, "ಕೆಟ್ರೆ ಮೈಸೂರಲ್ಲೇ ಸರ್ವಿಸ್ ಆಗುತ್ತಾ, ಬೆಂಗಳೂರಿಗೆ ಕಳಿಸ್ಬೇಕಾ?" ಎಂದು. ಮೇಡಂ ಮುಖ ಅರಳಿತು. ಆಮೇಲೆ ಅವನು ಮಾಡಿದ್ದು ಮಾತ್ರ ಅವರ ಲೆಕ್ಕದಲ್ಲಿ ಇರಲಿಲ್ಲ. ಮೂರು ಲ್ಯಾಪ್‌ಟಾಪುಗಳನ್ನು ಬಾಗಿಲ ಹತ್ತಿರದ ಬೆಳಕಿಗೆ ತರಿಸಿ, ಮೂರರಲ್ಲೂ ಒಂದೇ ಪಾಠದ ಪುಟ ತೆರೆಸಿ, ಒಂದೊಂದರ ಮುಂದೆ ಹತ್ತು ಹತ್ತು ನಿಮಿಷ ಕೂತು ಓದಿದ. ಕನ್ನಡಕ ಒರೆಸಿಕೊಂಡ, ಮತ್ತೆ ಓದಿದ. ಸ್ವರೂಪ್ ಆಕಳಿಸಿದ.

"ಪ್ರೊಸೆಸರ್ ಯಾವುದು ಅಂತ ಕೇಳಲ್ವಾ ಇವನು?" ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಸುಮ್ಕಿದ್ಬುಡಿ ಮೇಡಂ," ಎಂದೆ.

ಕೊನೆಗೆ ಎರಡು ಉಳಿದವು, ಬೆಲೆ ಎರಡಕ್ಕೂ ಒಂದೇ. ಒಂದು ವೇಗದ್ದು, ಮೇಡಂ ಕಣ್ಣುಮುಚ್ಚಿಕೊಂಡು ಆರಿಸುತ್ತಿದ್ದದ್ದು. ಇನ್ನೊಂದು ಅದಕ್ಕಿಂತ ನಿಧಾನ, ಆದರೆ ಪರದೆಯಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಅಭಿರಾಮ ನಿಧಾನದ್ದರ ಮೇಲೆ ಕೈ ಇಟ್ಟು, "ಇದು," ಎಂದ.

"ಅಭೀ..." ಎಂದು ಮೇಡಂ ಎದ್ದೇ ನಿಂತರು. ನಾನು ಹತ್ತಿರ ಹೋಗುವಷ್ಟರಲ್ಲಿ ತಾವೇ ತುಟಿ ಕಚ್ಚಿಕೊಂಡು ಅಂಗಡಿಯಿಂದ ಹೊರಗೆ ನಡೆದರು. ಹಿಂದೆಯೇ ಹೋಗಿ ಫುಟ್‌ಪಾತಿನಲ್ಲಿ ನೋಡಿದರೆ ಕಣ್ಣಲ್ಲಿ ನೀರು. "ಎರಡು ವರ್ಷ ಹಳೇ ಪ್ರೊಸೆಸರ್ ಕಣ್ರೀ ಅದು," ಎಂದರು. ನನಗೆ ಜೆರಾಕ್ಸ್ ಮಷೀನಿನ ಟೋನರ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಒಳಗೆ ಬಿಲ್ ಆಯಿತು.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದದ್ದಾಯಿತು. ಕಾಫಿ ಬಂತು. ಮೇಡಂ ಇನ್ನು ತಡೆಯಲಾರದೆ ಕೇಳಿದರು: "ಈಗ ಮಾತಾಡ್ಬಹುದೇನೋ? ಇದನ್ನೇ ಯಾಕೆ ತಗೊಂಡೆ?"

"ರಜೇಲಿ ನಿಮ್ಮ ಲ್ಯಾಬಲ್ಲಿ ಕೂತು ಪ್ರೋಗ್ರಾಂ ಪ್ರಾಕ್ಟೀಸ್ ಮಾಡ್ತಿದ್ನಲ್ಲ, ಆ ಮಂಕು ಪರದೆ ನೋಡಿ ಅರ್ಧ ಗಂಟೆಗೆಲ್ಲ ನಂಗೆ ತಲೆನೋವು ಬರ್ತಿತ್ತಮ್ಮ. ಕಣ್ಣು ಉರೀತಿತ್ತು. ಪ್ರೋಗ್ರಾಂ ಸ್ವಲ್ಪ ತಡವಾಗಿ ಓಡಿದ್ರೆ ಕಾಯ್ಬಹುದು. ಕಣ್ಣು ಉರಿದ್ರೆ ಓದೋಕೇ ಆಗಲ್ಲ."

"ಒಂದ್ ಮಾತು ಹೇಳ್ಲಿಲ್ವಲ್ಲೋ."

"ನೀನು ಕೇಳ್ಲೇ ಇಲ್ಲ."

ಆ ಮಾತಿನಲ್ಲಿ ಕೋಪವೇನೂ ಇರಲಿಲ್ಲ, ಹುಡುಗ ಸಹಜವಾಗಿ ಹೇಳಿದ. ಅದಕ್ಕೇ ಇರಬೇಕು, ಮೇಡಮ್ಮಿಗೆ ಅದು ಸರಿಯಾಗಿ ನಾಟಿತು. ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು, ಅವನು ತೆರೆದಿಟ್ಟಿದ್ದ ಪಾಠದ ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಓದಿದರು.

"ಸರಿಯಾಗೇ ಆರಿಸಿದ್ದೀಯ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಂಗೂ ಎರಡು ವರ್ಷದಿಂದ ಸಾಯಂಕಾಲ ಆದ್ರೆ ತಲೆನೋವು ಬರುತ್ತೆ ಕಣೋ. ನಾನು ಪಿತ್ತ ಅಂದ್ಕೊಂಡಿದ್ದೆ," ಎಂದರು. ಗಂಡ ಬಿಂದುಮಾಧವರು ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕೆವು. ಆ ಮನೆಯಲ್ಲಿ ಅಷ್ಟು ಹಗುರವಾದ ಸಂಜೆಯನ್ನು ನಾನು ನೋಡಿರಲಿಲ್ಲ.

ಸೋಮವಾರ ಮೇಡಂ ಅರ್ಧ ದಿನ ರಜೆ ಹಾಕಿ ಮಗನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅವನ ಪವರ್ ಕೊಂಚ ಏರಿತ್ತು, ಅವರಿಗೆ ಹೊಸದಾಗಿ ಕನ್ನಡಕವೇ ಬೇಕಾಯಿತು. ಕನ್ನಡಕದ ಅಂಗಡಿಯಲ್ಲಿ "ನೀನೇ ಆರಿಸೋ" ಎಂದು ಕನ್ನಡಿಯ ಮುಂದೆ ಕೂತವರು, ಅವನು ಹತ್ತು ಹನ್ನೆರಡು ಫ್ರೇಮು ಹಾಕಿ ತೆಗೆದು ನೋಡುವವರೆಗೂ ತುಟಿ ಬಿಚ್ಚಲಿಲ್ಲವಂತೆ. ಈ ಮಾತನ್ನು ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಹೇಳಿದ್ದು ಅಂದು ಜೊತೆಗೇ ಹೋಗಿದ್ದ ಬಿಂದುಮಾಧವರು, ಇಪ್ಪತ್ತು ವರ್ಷದಿಂದ ಆ ಬಾಯಿ ಮುಚ್ಚಿಸಲು ನೋಡಿ ಸೋತವರು.