ಪಿತೃಪಕ್ಷದಲ್ಲಿ ಒಂದು ಸಹಿ

ಗೆಳೆಯರೇ, ಬಟವಾಡಿಯಲ್ಲಿ ನಾನು ಕೊಳ್ಳಬೇಕಿರುವ ಸೈಟಿನ ಕರಾರು ನಾಳೆಗೆ ಮುಗಿಯುತ್ತದೆ. ಅವಧಿ ವಿಸ್ತರಿಸಿ ಬರೆಸಿಕೊಳ್ಳದಿದ್ದರೆ ಸೈಟು ಬೇರೆಯವರ ಪಾಲಾಗಬಹುದು. ಹಾಗಾಗಿ ಇಂದು ಕಾಗದ ಹಿಡಿದು ಗುಬ್ಬಿಗೆ ಹೋದೆ.

ಮಾರುವ ರಾಜಣ್ಣನವರು ಕಾಫಿ ಕೊಟ್ಟರು, ಸಹಿ ಕೊಡಲಿಲ್ಲ.

"ಪಿತೃಪಕ್ಷದಲ್ಲಿ ಯಾರಾದ್ರೂ ಸೈನ್ ಹಾಕ್ತಾರಾ ಸಾ?"

"ಶ್ರಾವಣದಲ್ಲೇ ರಿಜಿಸ್ಟ್ರೇಶನ್ ಮಾಡ್ಕೊಡ್ಬೋದಿತ್ತಲ್ಲ?"

"ಹಬ್ಬ ಜಾಸ್ತಿ ಇದ್ವು."

"ಅಡ್ವಾನ್ಸ್ ಆಷಾಢದಲ್ಲಿ ಇಸ್ಕೊಂಡ್ರಿ."

"ಇಸ್ಕೊಳ್ಳೋಕೆ ಆಷಾಢ ಏನ್ ಮಾಡುತ್ತೆ ಸಾ? ಕೊಡೋ ಕೆಲ್ಸಕ್ಕೆ ಒಳ್ಳೆ ದಿನ ನೋಡ್ಬೇಕು."

ಅಲ್ಲಿಂದ ನೇರ ತುಮಕೂರಿನ ವಕೀಲರ ಬಳಿ ಬಂದೆ. ನಾನು ಕೊಳ್ಳಲು ಸಿದ್ಧ, ತಡ ಅವರದು ಎಂದು ಇವತ್ತೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಹೋಗಬೇಕು ಎಂದೆ. "ಈ ಮೂಢನಂಬಿಕೆನೆಲ್ಲ ಕೋರ್ಟ್ ಒಪ್ಪಲ್ಲ ಸಾರ್" ಎಂದು ನಕ್ಕು, ಅಲ್ಲೇ ಟೈಪ್ ಮಾಡಿಸಿದರು. ಸಹಿ ಹಾಕಲು ಪೆನ್ನು ತೆಗೆದವರು ಗೋಡೆಯ ಕ್ಯಾಲೆಂಡರ್ ನೋಡಿ ಅದನ್ನು ಮತ್ತೆ ಜೇಬಿಗಿಟ್ಟರು.

"ರಾಹುಕಾಲ ಇದೆ. ಒಂದ್ ಟೀ ಕುಡಿಯೋಣ."

ಇದನ್ನು ಅವರ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಟೀ ಮುಗಿದಿದೆ. ಕಾನೂನು ಪೂರ್ತಿ ನನ್ನ ಪರವಾಗಿದೆಯಂತೆ. ಪೋಸ್ಟ್ ಆಫೀಸ್ ಮಾತ್ರ ರಾಹುವಿಗೆ ಕಾಯದೆ ಬಾಗಿಲು ಹಾಕುತ್ತದೆ.